ಹಳೇ ಗ್ಯಾಸ್ ಒಲೆ: ರಿಪೇರಿ ಮಾಡಿಸೋದಾ, ಹೊಸದು ತರೋದಾ?

ಮಳೆ ಹಿಡಿದು ಒಂದು ತಿಂಗಳಾಗುವ ಹೊತ್ತಿಗೆ ನಮ್ಮ ಮಲೆನಾಡಿನ ಕಡೆ ಗ್ಯಾಸ್ ಒಲೆಗಳು ತಕರಾರು ಶುರು ಮಾಡುತ್ತವೆ. ಉರಿ ಹಳದಿಯಾಗುತ್ತದೆ. ಪಾತ್ರೆ ತಳಕ್ಕೆ ಮಸಿ ಹಿಡಿಯುತ್ತದೆ. ನಾಬ್ ತಿರುಗುವುದೇ ಇಲ್ಲ. ಲೈಟರ್ ಎಷ್ಟು ಒತ್ತಿದರೂ ಬರ್ನರ್ ಹತ್ತಿಕೊಳ್ಳುವುದಿಲ್ಲ. ಆಗ ಮನೆಯಲ್ಲಿ ಎರಡು ಪಕ್ಷ ಆಗುತ್ತದೆ. "ಎಷ್ಟು ವರ್ಷದ ಒಲೆ ಅದು, ಕೊಟ್ಟು ಹೊಸದು ತನ್ನಿ" ಅನ್ನುವವರು ಒಂದು ಕಡೆ. "ಇನ್ನೂರು ರೂಪಾಯಲ್ಲಿ ಸರಿಯಾಗೋದಕ್ಕೆ ಎರಡೂವರೆ ಸಾವಿರ ಯಾಕೆ ಸುರೀಬೇಕು" ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಒಲೆಯನ್ನು ತಿರುಗಿಸಿ ಅದರ ಅಡಿ ನೋಡಿರುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಯಸ್ಸು ನೋಡಿ ತೀರ್ಮಾನ ಮಾಡಬೇಡಿ, ಯಾವ ಭಾಗ ಹೋಗಿದೆ ಅಂತ ನೋಡಿ. ಬರ್ನರ್, ಗ್ಯಾಸ್ ಚಿಮ್ಮುವ ಸಣ್ಣ ಮೂತಿ ಅಂದರೆ ಜೆಟ್, ನಾಬ್ ಹಿಂದೆ ಗ್ಯಾಸ್ ಬಿಡುವ ತಡೆಯುವ ವಾಲ್ವ್, ನಾಬ್, ಪಾತ್ರೆ ಇಡುವ ಸ್ಟ್ಯಾಂಡ್ ಇವೆಲ್ಲ ಬಿಚ್ಚಿ ಬದಲಾಯಿಸಲೆಂದೇ ಮಾಡಿದ ಭಾಗಗಳು. ಇವು ಹೋದರೆ ರಿಪೇರಿ. ಒಲೆಯ ಮೈ, ಒಳಗೆ ಎಲ್ಲಾ ಬರ್ನರ್‌ಗೂ ಗ್ಯಾಸ್ ಹಂಚುವ ಅಡ್ಡ ಪೈಪ್, ಮೇಲಿನ ಗಾಜು, ಈ ಮೂರರಲ್ಲಿ ಒಂದು ಹೋದರೂ ಹೊಸದು. ಬಾಕಿ ಎಲ್ಲಾ ಮಾತು ಈ ಎರಡು ಸಾಲಿನ ವಿವರ ಅಷ್ಟೇ, ಆದರೆ ಆ ವಿವರದಲ್ಲೇ ದುಡ್ಡೂ ಇದೆ, ಜೀವವೂ ಇದೆ.

ಬಯಲುಸೀಮೆಯಲ್ಲಿ ಒಲೆ ಬಳಸಿ ಬಳಸಿ ಸವೆಯುತ್ತದೆ. ಮಲೆನಾಡಿನಲ್ಲಿ ಬಳಸದೆ ಇಟ್ಟರೂ ಹಾಳಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿ ಮನೆಗಳಲ್ಲಿ ಪುನರ್ವಸು, ಪುಷ್ಯ ಮಳೆ ಹೊತ್ತಿಗೆ ಗೋಡೆಗೆ ಬೂಷ್ಟು, ಬಟ್ಟೆಗೆ ಬೂಷ್ಟು, ಇನ್ನು ಕಬ್ಬಿಣದ ತಗಡಿನ ಒಲೆ ಬಿಡುತ್ತದಾ? ಮೇಲೆ ಹೊಳೆಯುವ ಸ್ಟೀಲ್ ಇದ್ದರೂ ಅಡಿಯ ತಗಡು, ಕಾಲು, ಸ್ಕ್ರೂ ಎಲ್ಲಾ ಸಾಧಾರಣ ಕಬ್ಬಿಣವೇ ಆಗಿರುವ ಒಲೆಗಳು ಬೇಕಾದಷ್ಟಿವೆ. ಅದಕ್ಕೇ ಪೇಟೆಯ ನೆಂಟರ ಒಲೆ ಇಷ್ಟು ವರ್ಷ ಬಂತು, ನಮ್ಮದೂ ಬರಬೇಕು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈ ಪ್ರಶ್ನೆ ಈಗ ತುಂಬಾ ಮನೆಗಳಲ್ಲಿ ಒಟ್ಟಿಗೇ ಬರುತ್ತಿದೆ. ಕೇಂದ್ರದ ಉಜ್ವಲ ಯೋಜನೆ ಶುರುವಾಗಿದ್ದು 2016ರಲ್ಲಿ. ಆಮೇಲೆ ರಾಜ್ಯದ ಅನಿಲ ಭಾಗ್ಯ ಬಂತು. ಆ ಕಾಲದಲ್ಲಿ ಸೌದೆ ಒಲೆಯ ಪಕ್ಕ ಮೊದಲ ಸಲ ಗ್ಯಾಸ್ ಕಟ್ಟೆ ಕಂಡ ಮನೆಗಳ ಒಲೆಗಳಿಗೆ ಈಗ ಇಷ್ಟು ಮಳೆಗಾಲ ಆಗಿದೆ. ಒಮ್ಮೆಯೂ ಬಿಚ್ಚಿ ನೋಡದ ಒಲೆಗಳೇ ಅದರಲ್ಲಿ ಜಾಸ್ತಿ.

ಮೊದಲು ತಪ್ಪು ಒಲೆಯದ್ದೇನಾ ನೋಡಿ

ಎರಡೂ ಬರ್ನರ್ ಒಟ್ಟಿಗೇ ಸಣ್ಣ ಉರಿಯುತ್ತಿದ್ದರೆ ಒಲೆಯನ್ನು ಬೈಯಬೇಡಿ. ಸಿಲಿಂಡರ್, ರೆಗ್ಯುಲೇಟರ್, ಪೈಪ್ ಈ ಮೂರರಲ್ಲಿ ಎಲ್ಲೋ ತೊಂದರೆ ಇದೆ. ಸಿಲಿಂಡರ್ ಮುಗಿಯುತ್ತಾ ಬಂದಾಗ ಉರಿ ಕೆಂಪಾಗುವುದೂ ಉಂಟು. ಪೈಪ್ ಎಲ್ಲಾದರೂ ಮಡಚಿಕೊಂಡಿದೆಯಾ, ಸಿಲಿಂಡರ್ ಅಡಿಗೆ ಸಿಕ್ಕಿದೆಯಾ ನೋಡಿ. ಒಂದು ಬರ್ನರ್ ಚೆನ್ನಾಗಿ ಉರಿದು ಇನ್ನೊಂದು ಮಾತ್ರ ಹಠ ಮಾಡಿದರೆ ಆಗ ತೊಂದರೆ ಒಲೆಯಲ್ಲಿ, ಅದೂ ಆ ಬರ್ನರ್‌ನ ದಾರಿಯಲ್ಲಿ. ಈ ಒಂದು ಪರೀಕ್ಷೆ ಮಾಡದೆ ಹೊಸ ಒಲೆ ತಂದು, ಅದರಲ್ಲೂ ಅದೇ ಸಣ್ಣ ಉರಿ ಬಂದು, ಅಂಗಡಿಯವನ ಜೊತೆ ಜಗಳಕ್ಕೆ ಹೋದವರಿದ್ದಾರೆ.

ರೆಗ್ಯುಲೇಟರ್ ಮೇಲೆ ಅನುಮಾನ ಬಂದರೆ ಅದನ್ನು ಬಿಚ್ಚಿ ನೋಡುವ ಕೆಲಸ ಬೇಡ. ಗ್ಯಾಸ್ ಏಜೆನ್ಸಿಗೇ ಒಯ್ದು ಬದಲಾಯಿಸಿಕೊಳ್ಳಿ. ಪೈಪ್ ವಿಷಯ ಕೂಡ ಒಲೆಯ ತೀರ್ಮಾನಕ್ಕಿಂತ ಮುಂಚೆ ಮುಗಿಸಬೇಕು. ಸುರಕ್ಷಾ ಪೈಪ್ ಅಂತ ಸಿಗುವ ಕಿತ್ತಳೆ ಬಣ್ಣದ ಪೈಪ್ ಐದು ವರ್ಷಕ್ಕೊಮ್ಮೆ ಬದಲಾಗಬೇಕು, ಅದರ ಮೇಲೆ ಇಸವಿ ಅಚ್ಚಾಗಿರುತ್ತದೆ. ಹಳೆಯ ಹಸಿರು ರಬ್ಬರ್ ಪೈಪ್ ಇನ್ನೂ ಇಟ್ಟುಕೊಂಡಿದ್ದರೆ ಇವತ್ತೇ ತೆಗೆಯಿರಿ. ಮಳೆಗಾಲದಲ್ಲಿ ತೋಟದ ಇಲಿ, ಹೆಗ್ಗಣ ಎಲ್ಲಾ ಮನೆಯೊಳಗೇ ಬರುತ್ತವೆ ಅಲ್ವಾ, ಬರೀ ರಬ್ಬರ್ ಪೈಪ್ ಅವುಗಳ ಹಲ್ಲಿಗೆ ಏನೂ ಅಲ್ಲ. ಸುರಕ್ಷಾ ಪೈಪ್ ಒಳಗೆ ತಂತಿಯ ಹೆಣಿಗೆ ಇದೆ, ಅಷ್ಟು ಸುಲಭಕ್ಕೆ ಕಡಿಯೋಕಾಗಲ್ಲ. ಪೈಪ್ ಒಂದೂವರೆ ಮೀಟರ್‌ಗಿಂತ ಉದ್ದ ಬೇಡ, ನಡುವೆ ಜೋಡಣೆ ಬೇಡ. ಹೊರಗೆ ಸಿಲಿಂಡರ್ ಇಟ್ಟು ಗೋಡೆ ತೂತಿನಲ್ಲಿ ಈ ಪೈಪ್ ತೂರಿಸುವುದಂತೂ ಬೇಡವೇ ಬೇಡ.

ರಿಪೇರಿಯಲ್ಲಿ ಮುಗಿಯುವ ಕಾಯಿಲೆಗಳು

ಹಳದಿ ಉರಿ ಅಂದರೆ ಗ್ಯಾಸ್‌ಗೆ ಬೇಕಾದಷ್ಟು ಗಾಳಿ ಸೇರುತ್ತಿಲ್ಲ ಅಂತ. ಬರ್ನರ್ ಕೆಳಗಿನ ಕೊಳವೆಯ ಬಾಯಲ್ಲಿ ಗ್ಯಾಸ್ ಚಿಮ್ಮುವಾಗ ಪಕ್ಕದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಆ ದಾರಿ ಕಟ್ಟಿದರೆ ಗ್ಯಾಸ್ ಅರ್ಧಂಬರ್ಧ ಉರಿದು ಮಸಿಯಾಗುತ್ತದೆ, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಾಸನೆ ಇಲ್ಲದ ವಿಷದ ಗಾಳಿಯೂ ಹುಟ್ಟುತ್ತದೆ. ಮಳೆಗೆ ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡುವ ನಮ್ಮಂಥವರು ಹಳದಿ ಉರಿಯನ್ನು ಬರೀ ಪಾತ್ರೆ ತಿಕ್ಕುವ ತೊಂದರೆ ಅಂತ ತಿಳಿಯಬಾರದು.

ಆದರೆ ಇದರ ಕಾರಣ ಹೆಚ್ಚಿನ ಸಲ ಸಣ್ಣದೇ. ಉಕ್ಕಿದ ಹಾಲು, ಗಂಜಿ, ಜೋನಿ ಬೆಲ್ಲದ ಪಾಕ ಬರ್ನರ್ ತೂತುಗಳಲ್ಲಿ ಕರಟಿ ಕೂತಿರುತ್ತದೆ. ಇನ್ನೊಂದು ಕಾರಣವೂ ನಮ್ಮ ಕಡೆ ಕಾಣುತ್ತದೆ: ಕುಂಬಾರ ಹುಳ ಆ ಕೊಳವೆಯೊಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ, ಇಲ್ಲಾ ಜೇಡ ಬಲೆ ನೇಯ್ದಿರುತ್ತದೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು, ಅಪ್ಪ ಅಮ್ಮನೂ ನಾಲ್ಕು ತಿಂಗಳು ಅಲ್ಲಿಗೇ ಹೋಗಿ, ಬೀಗ ಹಾಕಿದ್ದ ಮನೆಗೆ ಹಬ್ಬಕ್ಕೆ ಬಂದು ಒಲೆ ಹಚ್ಚಿದಾಗ ಉರಿ ಕೆಂಪಗೆ ಎದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಸಿಲಿಂಡರ್ ಬಂದ್ ಮಾಡಿ, ಬರ್ನರ್ ಎತ್ತಿ, ಕೊಳವೆಯಲ್ಲಿ ಬಾಟಲಿ ತೊಳೆಯುವ ಉದ್ದ ಬ್ರಷ್ ಆಡಿಸಿ. ಬರ್ನರನ್ನು ಬಿಸಿನೀರು, ಸೋಪಿನಲ್ಲಿ ನೆನೆಹಾಕಿ, ತಿಕ್ಕಿ, ಪೂರ್ತಿ ಒಣಗಿಸಿ ಕೂರಿಸಿ. ಖರ್ಚು ಏನೂ ಇಲ್ಲ.

ತೊಳೆದ ಮೇಲೂ ಬರ್ನರ್ ಸರಿಹೋಗದಿದ್ದರೆ ಅದನ್ನೇ ಬದಲಾಯಿಸಿ. ತೂತುಗಳು ಅಗಲವಾಗಿ ಒಂದಕ್ಕೊಂದು ಸೇರಿದ್ದರೆ, ಬರ್ನರ್ ತನ್ನ ಜಾಗದಲ್ಲಿ ಸರಿಯಾಗಿ ಕೂರದೆ ಅಲ್ಲಾಡುತ್ತಿದ್ದರೆ, ಸಣ್ಣ ಉರಿ ಮಾಡಿದಾಗ "ಪಟ್" ಅಂತ ಸದ್ದಾಗಿ ಬೆಂಕಿ ಒಳಗೆ ಇಳಿದು ಜೆಟ್ ಹತ್ತಿರ ಉರಿಯುತ್ತಿದ್ದರೆ ಆ ಬರ್ನರ್‌ನ ಕೆಲಸ ಮುಗಿದಿದೆ. ಬೆಂಕಿ ಒಳಗೆ ಇಳಿದರೆ ತಕ್ಷಣ ನಾಬ್ ಬಂದ್ ಮಾಡಿ. ಹಾಗೇ ಬಿಟ್ಟರೆ ಒಳಗಿನ ವಾಲ್ವ್ ಕಾದು ಅದೂ ಹೋಗುತ್ತದೆ. ಹೊಸ ಬರ್ನರ್ ತರುವಾಗ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಅಳತೆ ಒಂದು ಕೂದಲೆಳೆ ಹೆಚ್ಚು ಕಡಿಮೆಯಾದರೂ ಕೂರುವುದಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ ಆಸುಪಾಸು, ಇದೊಂದಕ್ಕೇ ಎರಡು ಸಲ ಬಸ್ಸು ಹತ್ತೋದು ಯಾಕೆ.

ನಾಬ್ ಗಟ್ಟಿಯಾಗಿದ್ದರೆ ವಾಲ್ವ್ ಒಳಗಿನ ಗ್ರೀಸ್ ಒಣಗಿದೆ. ಬಲವಂತವಾಗಿ ತಿರುಗಿಸಬೇಡಿ, ತೆಂಗಿನೆಣ್ಣೆ ಬಿಡಬೇಡಿ. ಎಣ್ಣೆ ಬಿಸಿಗೆ ಅಂಟಾಗಿ ಇನ್ನೂ ಬಿಗಿಯಾಗುತ್ತದೆ. ಗ್ಯಾಸ್ ವಾಲ್ವ್‌ಗೇ ಅಂತ ಬಿಸಿ ತಡೆಯುವ ಗ್ರೀಸ್ ಇದೆ, ರಿಪೇರಿಯವರು ವಾಲ್ವ್ ಬಿಚ್ಚಿ ಒರೆಸಿ ಅದನ್ನು ಹಚ್ಚಿ ಕೊಡುತ್ತಾರೆ. ಗ್ರೀಸ್ ಹಚ್ಚಿದ ಮೇಲೂ ಸೋಪಿನ ನೊರೆ ಹಚ್ಚಿ ನೋಡಿದಾಗ ಗುಳ್ಳೆ ಏಳುತ್ತಿದ್ದರೆ ವಾಲ್ವ್ ಸವೆದಿದೆ, ಹೊಸದು ಹಾಕಿಸಿ. ಇದು ದೊಡ್ಡ ಖರ್ಚಲ್ಲ. ಲೀಕ್ ನೋಡಲು ಕಡ್ಡಿ ಗೀರುವ ಅಭ್ಯಾಸ ಇರುವವರು ಮಾತ್ರ ದಯವಿಟ್ಟು ಅದನ್ನು ಬಿಡಿ.

ಆಟೋ ಇಗ್ನಿಷನ್ ಕೆಟ್ಟಿದ್ದಕ್ಕೆ ಒಲೆ ಬದಲಾಯಿಸುವುದು ದಂಡ. ನಮ್ಮ ಥಂಡಿಗೆ ಅದು ಬೇಗ ಕೈ ಕೊಡುತ್ತದೆ. ಲೈಟರ್ ಇಟ್ಟುಕೊಳ್ಳಿ.

ಜೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು

ಜೆಟ್ ಅಂದರೆ ಗ್ಯಾಸ್ ಚಿಮ್ಮುವ ಹಿತ್ತಾಳೆಯ ಸಣ್ಣ ಮೂತಿ. ಅದರ ತೂತು ಒಂದು ಮಿಲಿಮೀಟರ್‌ಗಿಂತಲೂ ಸಣ್ಣದು. ಒಲೆ ಎಷ್ಟು ಗ್ಯಾಸ್ ಕುಡಿಯಬೇಕು ಅನ್ನುವುದನ್ನು ಆ ತೂತೇ ತೀರ್ಮಾನ ಮಾಡುತ್ತದೆ. ಉರಿ ಕಡಿಮೆ ಅಂತ ಹೇಳಿದ ತಕ್ಷಣ ಸೂಜಿ ಹಾಕಿ ಕೆರೆದು, ಇಲ್ಲಾ ಡ್ರಿಲ್ ಹಾಕಿ ತೂತು ದೊಡ್ಡದು ಮಾಡಿಕೊಡುವವರು ಸಂತೆಯಲ್ಲೂ ಇದ್ದಾರೆ, ಮನೆ ಬಾಗಿಲಿಗೂ ಬರುತ್ತಾರೆ. ಆ ದಿನ ಉರಿ ಜೋರಾಗಿ ಬರುತ್ತದೆ, ಮನೆಯವರಿಗೆ ಖುಷಿ. ಆದರೆ ಗ್ಯಾಸ್ ಹೆಚ್ಚಾಯಿತೇ ಹೊರತು ಗಾಳಿ ಹೆಚ್ಚಾಗಲಿಲ್ಲ. ಒಂದು ವಾರದಲ್ಲಿ ಪಾತ್ರೆ ಕಪ್ಪಾಗುತ್ತದೆ, ಸಿಲಿಂಡರ್ ಬೇಗ ಮುಗಿಯುತ್ತದೆ, ಜನ "ಒಲೆ ಹಳೆಯದಾಯಿತು" ಅಂತ ತಿಳಿದು ಹೊಸದು ತರುತ್ತಾರೆ. ಹಾಳಾಗಿದ್ದು ಸಣ್ಣ ದುಡ್ಡಿನ ಒಂದು ಜೆಟ್. ಜೆಟ್ ಕಟ್ಟಿದ್ದರೆ ಅದಕ್ಕೆಂದೇ ಇರುವ ಸಣ್ಣ ಪಿನ್ನಿನಲ್ಲಿ ಕಸ ತೆಗೆಯಬೇಕು. ತೂತು ದೊಡ್ಡದಾಗಿದ್ದರೆ ಅದೇ ಅಳತೆಯ ಹೊಸ ಜೆಟ್ ಹಾಕಬೇಕು. ರಿಪೇರಿಯವರು ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿ, ಕೇಳಿ. ಒಳ್ಳೆ ಕೆಲಸಗಾರರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಗೋಬರ್ ಗ್ಯಾಸ್ ಇರುವ ಮನೆಗಳಿಗೆ ಈ ಜೆಟ್ ವಿಷಯ ಇನ್ನೂ ಮುಖ್ಯ. ಕೊಟ್ಟಿಗೆಯಲ್ಲಿ ನಾಲ್ಕು ದನ ಇರುವ ಎಷ್ಟೋ ಮನೆಗಳಲ್ಲಿ ಗೋಬರ್ ಗ್ಯಾಸ್ ಒಲೆ, ಸಿಲಿಂಡರ್ ಒಲೆ ಎರಡೂ ಒಂದೇ ಕಟ್ಟೆ ಮೇಲೆ ಇರುತ್ತವೆ. ಗೋಬರ್ ಗ್ಯಾಸ್‌ನಲ್ಲಿ ಉರಿಯುವ ಮೀಥೇನ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ ಅಷ್ಟೇ, ಉಳಿದದ್ದು ಬಹುಪಾಲು ಉರಿಯದ ಇಂಗಾಲದ ಡೈಆಕ್ಸೈಡ್. ಅದಕ್ಕೇ ಆ ಒಲೆಯ ಜೆಟ್ ತೂತು ದೊಡ್ಡದು. ಒಂದು ಕೆಟ್ಟಾಗ ಇನ್ನೊಂದರ ಪೈಪ್ ಇದಕ್ಕೆ ಸಿಕ್ಕಿಸುವ ಕೆಲಸ ಯಾವತ್ತೂ ಮಾಡಬೇಡಿ. ಸಿಲಿಂಡರ್ ಗ್ಯಾಸನ್ನು ಗೋಬರ್ ಗ್ಯಾಸ್ ಒಲೆಗೆ ಕೊಟ್ಟರೆ ಮೊಳದುದ್ದ ಹಳದಿ ಬೆಂಕಿ ಏಳುತ್ತದೆ. ಹಳೇ ಸಿಲಿಂಡರ್ ಒಲೆಯ ಜೆಟ್ ಕೊರೆದು ಗೋಬರ್ ಗ್ಯಾಸ್‌ಗೆ ಮಾಡಿಕೊಂಡಿದ್ದರೆ ಅದು ಇನ್ನು ಗೋಬರ್ ಗ್ಯಾಸ್‌ಗೇ ಮೀಸಲು, ವಾಪಸ್ ಬರಬೇಕಾದರೆ ಜೆಟ್ ಹೊಸದಾಗಬೇಕು.

ಇನ್ನೊಂದು ವಿಷಯ. ಗೋಬರ್ ಗ್ಯಾಸ್ ಉರಿ ಕುಣಿಯುತ್ತಾ, ಆರುತ್ತಾ ಇದ್ದರೆ ತುಂಬಾ ಸಲ ಒಲೆಯದ್ದು ತಪ್ಪಲ್ಲ, ಗುಂಡಿಯಿಂದ ಬರುವ ಪೈಪಿನ ತಗ್ಗಿನಲ್ಲಿ ನೀರು ನಿಂತಿರುತ್ತದೆ. ಆ ನೀರು ತೆಗೆದರೆ ಸರಿ. ಆದರೆ ಗೋಬರ್ ಗ್ಯಾಸ್‌ನಲ್ಲಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುವುದರಿಂದ ಒಲೆ ಒಳಗಿನಿಂದಲೇ ಸವೆಯುತ್ತದೆ, ಹಿತ್ತಾಳೆ ವಾಲ್ವನ್ನೂ ಅದು ತಿನ್ನುತ್ತದೆ. ಹಾಗಾಗಿ ಆ ಒಲೆಗೆ ಪದೇ ಪದೇ ದುಡ್ಡು ಹಾಕುವುದಕ್ಕಿಂತ, ಎರಡನೇ ಸಲ ವಾಲ್ವ್ ಹೋದಾಗ ಹೊಸದು ತರುವುದು ಲೇಸು ಅಂತ ನನಗನ್ನಿಸುತ್ತದೆ.

ಇನ್ನು ಯಾವಾಗ ಬಿಡಬೇಕು

ಪೈಪ್ ಕಿತ್ತು, ಒಲೆಯನ್ನು ಅಂಗಳಕ್ಕೆ ಒಯ್ದು ಮಗುಚಿ ಹಾಕಿ. ಅಡಿಯ ತಗಡನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಬಣ್ಣ ಹೋಗಿ ತುಕ್ಕು ಪುಡಿ ಉದುರಿದರೆ ಇನ್ನೂ ಸಮಯ ಇದೆ. ಸ್ಕ್ರೂಡ್ರೈವರ್ ಒಳಗೆ ಇಳಿದರೆ ಒಲೆ ಮುಗಿಯಿತು. ಕಡುಬಿನ ದೊಡ್ಡ ಪಾತ್ರೆ ತುಂಬಾ ಕುದಿಯುವ ನೀರಿಟ್ಟುಕೊಂಡು ಆ ಒಲೆಯ ಕಾಲು ಮುರಿದರೆ ಏನಾಗುತ್ತದೆ ಅಂತ ಯೋಚಿಸಿ, ಆಮೇಲೆ ವೆಲ್ಡಿಂಗ್ ಮಾಡಿಸೋಣ ಅನ್ನುವ ಮಾತು ಬರುವುದಿಲ್ಲ. ಅಡ್ಡ ಪೈಪಿನ ಮೇಲೆ ಗುಳಿ ಬಿದ್ದಿದ್ದರೆ, ಅದರ ಜೋಡಣೆ ಹತ್ತಿರ ಸೋಪಿನ ಗುಳ್ಳೆ ಎದ್ದರೆ ಅದಕ್ಕೂ ರಿಪೇರಿ ಇಲ್ಲ. ಎಂ-ಸೀಲ್ ಮೆತ್ತಿ ಬಳಸುವವರನ್ನು ಕಂಡಿದ್ದೇನೆ, ಮನಸ್ಸು ಹಿಂಡುತ್ತದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಮೇಲೆ ಹೋಗದೆ ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ರಾತ್ರಿಯಿಡೀ ಸೋರಿದ್ದು ಹೊತ್ತಿಕೊಳ್ಳಲು ಬೆಳಿಗ್ಗೆ ಒಂದು ಸ್ವಿಚ್ ಹಾಕಿದರೆ ಸಾಕು. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆಯಿರಿ, ಯಾವ ಸ್ವಿಚ್ಚೂ ಮುಟ್ಟಬೇಡಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಅಲ್ಲಿ ಜನ ಇರುತ್ತಾರೆ.

ಗಾಜಿನ ಒಲೆಯಲ್ಲಿ ಬಿರುಕು ಕಂಡರೆ ಆ ಹೊತ್ತಿಗೇ ಬಳಕೆ ನಿಲ್ಲಿಸಿ. ಗಟ್ಟಿ ಮಾಡಿದ ಗಾಜು ಒಡೆದರೆ ಪೂರ್ತಿ ಒಂದೇ ಸಲ ಚೂರಾಗುತ್ತದೆ. ಅದೇ ಕಂಪನಿಯ ಅದೇ ಮಾದರಿಯ ಗಾಜು ಸಿಕ್ಕರೆ ಬದಲಾಯಿಸಬಹುದು ನಿಜ, ಆದರೆ ವಾರಂಟಿ ಮುಗಿದಿದ್ದರೆ ಗಾಜು, ಕೂಲಿ ಎಲ್ಲಾ ಸೇರಿ ಹೊಸ ಒಲೆಯ ಹತ್ತಿರಕ್ಕೇ ಬರುತ್ತದೆ.

ದುಡ್ಡಿನ ಲೆಕ್ಕ ಹೀಗೆ ಹಾಕಿ. ನಿಮ್ಮ ಮನೆಯಲ್ಲಿ 14.2 ಕಿಲೋ ಸಿಲಿಂಡರ್ 40 ದಿನ ಬರುತ್ತಿದ್ದದ್ದು ಈಗ 32 ದಿನಕ್ಕೆ ಇಳಿದಿದೆ ಅಂದುಕೊಳ್ಳಿ. ವರ್ಷಕ್ಕೆ ಎರಡು ಸಿಲಿಂಡರ್‌ಗಿಂತ ಸ್ವಲ್ಪ ಜಾಸ್ತಿ ಸುಮ್ನೆ ಹೋಯಿತು. ಸಿಲಿಂಡರ್‌ಗೆ 900 ರೂಪಾಯಿ ಹಿಡಿದರೆ ಎರಡು ಸಾವಿರ, ಅಂದರೆ ಹೆಚ್ಚುಕಡಿಮೆ ಒಂದು ಸಾಧಾರಣ ಎರಡು ಬರ್ನರ್ ಒಲೆಯ ಬೆಲೆ. ಹಾಗಂತ ಓಡಿ ಹೋಗಿ ಹೊಸದು ತರಬೇಡಿ. ಬರ್ನರ್, ಜೆಟ್ ಬದಲಾಯಿಸಿದರೆ ಆ ಎಂಟು ದಿನ ವಾಪಸ್ ಬರುತ್ತದಾ ಮೊದಲು ನೋಡಿ. ಅದಕ್ಕೇ ಸಿಲಿಂಡರ್ ಹಚ್ಚಿದ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡುವ ನಮ್ಮ ಅಮ್ಮಂದಿರ ಅಭ್ಯಾಸ ಬಹಳ ಒಳ್ಳೆಯದು. ರಿಪೇರಿ ಖರ್ಚು ಹೊಸ ಒಲೆಯ ಅರ್ಧ ಬೆಲೆ ದಾಟಿದರೆ ನಾನಾದರೆ ಹೊಸದನ್ನೇ ತರುತ್ತೇನೆ. ಅಡಿ ತಗಡು ಗಟ್ಟಿಯಿರುವ, ದಪ್ಪ ಸ್ಟೀಲಿನ ಹಳೇ ಒಲೆಗೆ ಮಾತ್ರ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋದರೂ ರಿಪೇರಿಗೇ ನನ್ನ ಓಟು, ಯಾಕೆಂದರೆ ಅಂಥ ಮೈ ಇರುವ ಒಲೆ ಈಗ ಅದೇ ಬೆಲೆಗೆ ಸಿಗುವುದಿಲ್ಲ.

ಇಂಡಕ್ಷನ್ ತಂದುಬಿಡೋಣ ಅನ್ನುವವರೂ ಇದ್ದಾರೆ. ಶಿವಮೊಗ್ಗ ಪೇಟೆಯಲ್ಲಾದರೆ ನಡೆಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರಲ್ಲಿ ಅದು ಜೊತೆಗೊಂದು ಇರಲಿ, ಅದೇ ಒಲೆಯಾಗುವುದು ಬೇಡ.

ಹೊಸದೇ ತರುವುದಾದರೆ

ಮಲೆನಾಡಿನ ಮನೆಗೆ ನಾನು ಸ್ಟೀಲ್ ಒಲೆಯನ್ನೇ ಹೇಳುವುದು. ಗಾಜಿನ ಒಲೆ ನೋಡೋಕೆ ಚೆಂದ, ಒರೆಸೋಕೆ ಸುಲಭ, ಇಬ್ಬರೇ ಇರುವ ಮನೆಗೆ ಆಗಬಹುದು. ಆದರೆ ನಮ್ಮಲ್ಲಿ ಚೌತಿ, ಶ್ರಾದ್ಧ, ನೆಂಟರು ಅಂತ ದೊಡ್ಡ ಪಾತ್ರೆ ಏರುತ್ತಲೇ ಇರುತ್ತದೆ. ಅಕ್ಕಿ ರೊಟ್ಟಿಯ ದಪ್ಪ ಕಾವಲಿ ಗಂಟೆಗಟ್ಟಲೆ ಕಾಯುತ್ತದೆ. ಅದರ ಬಿಸಿ, ಭಾರ ಎರಡಕ್ಕೂ ಸ್ಟೀಲೇ ಭರವಸೆ. ಮೂರು ಬರ್ನರ್ ಒಲೆ ಕೊಳ್ಳುವ ಮುಂಚೆ ನಿಮ್ಮ ದೊಡ್ಡ ಪಾತ್ರೆಯ ಅಗಲ ಅಳೆದುಕೊಂಡು ಹೋಗಿ. ಇಕ್ಕಟ್ಟಾದ ಮೂರು ಬರ್ನರ್‌ಗಿಂತ ಅಗಲವಾದ ಎರಡು ಬರ್ನರ್ ಹೆಚ್ಚು ಕೆಲಸ ಮಾಡುತ್ತವೆ.

ಅಂಗಡಿಯಲ್ಲಿ ಒಲೆಯನ್ನು ಮಗುಚಿ ನೋಡಲು ಸಂಕೋಚ ಬೇಡ, ಶಿವಮೊಗ್ಗದ ಗಾಂಧಿ ಬಜಾರಾಗಲಿ ದುರ್ಗಿಗುಡಿಯಾಗಲಿ. ಅಡಿಯಲ್ಲೂ ಸ್ಟೀಲ್ ಇದೆಯಾ, ಬರೀ ಬಣ್ಣ ಬಳಿದ ತಗಡಾ ಅಂತ ನೋಡಿ. ಬರ್ನರ್ ಕೈಗೆತ್ತಿಕೊಳ್ಳಿ. ಹಿತ್ತಾಳೆಯದು ಭಾರವಾಗಿರುತ್ತದೆ, ಬಾಳಿಕೆ ಜಾಸ್ತಿ. ಹಗುರವಾಗಿದ್ದರೆ ಅಲ್ಯೂಮಿನಿಯಂ ಮೇಲೆ ಬಣ್ಣ. ಐಎಸ್‌ಐ ಗುರುತಿನ ಜೊತೆ ಐಎಸ್ 4246 ಅನ್ನುವ ಸಂಖ್ಯೆ ಇರಲೇಬೇಕು. ಉರಿಯ ಬಿಸಿಯಲ್ಲಿ ಕನಿಷ್ಠ 68 ಶೇಕಡಾ ಪಾತ್ರೆಗೆ ಸೇರಬೇಕು ಅನ್ನುವುದು ಆ ಮಾನದಂಡದ ನಿಯಮ. ಕೇಂದ್ರದ ಇಂಧನ ಉಳಿತಾಯದ ಸಂಸ್ಥೆ ಬಿಇಇ ಕೊಡುವ ಸ್ಟಾರ್ ಇರುವ ಒಲೆಗಳೂ ಬರುತ್ತವೆ, ಸ್ಟಾರ್ ಹೆಚ್ಚಿದ್ದಷ್ಟೂ ಗ್ಯಾಸ್ ಉಳಿತಾಯ. ಗ್ಯಾಸ್ ಏಜೆನ್ಸಿಯಲ್ಲೇ ಒಲೆ ತಗೊಳ್ಳಬೇಕು ಅನ್ನುವ ನಿಯಮ ಇಲ್ಲ, ಯಾರಾದರೂ ಒತ್ತಾಯ ಮಾಡಿದರೆ ಒಪ್ಪಬೇಡಿ. ಕೊನೆಗೊಂದು ಪ್ರಶ್ನೆ ಕೇಳಿ: ಇದರ ಬರ್ನರ್, ವಾಲ್ವ್ ಬಿಡಿಯಾಗಿ ಸಿಗುತ್ತದಾ, ಎಲ್ಲಿ ಸಿಗುತ್ತದೆ? ಸಿಗದ ಒಲೆ ಎಷ್ಟು ಅಗ್ಗವಾದರೂ ಬೇಡ.

ಹೋಂಸ್ಟೇ ನಡೆಸುವವರ ಅಂಗಳದ ಗ್ಯಾಸ್ ಗ್ರಿಲ್‌ಗೂ ಇದೇ ಲೆಕ್ಕ. ಉದ್ದನೆಯ ಬರ್ನರ್ ಕೊಳವೆ, ಮೇಲಿನ ಜಾಲರಿ ಹೋದರೆ ಬದಲಾಯಿಸಿ. ಬೆಂಕಿ ಇರುವ ಪೆಟ್ಟಿಗೆಗೇ ತುಕ್ಕಿನ ತೂತು ಬಿದ್ದಿದ್ದರೆ ಬಿಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಿ ಹೊರಗೇ ಇಡುವುದಕ್ಕಿಂತ ಒಳಗೆ ತಂದಿಡಿ, ಪ್ಲಾಸ್ಟಿಕ್ ಒಳಗಿನ ಬೆವರಿಗೇ ಅರ್ಧ ತುಕ್ಕು ಬರುತ್ತದೆ. ವ್ಯಾಪಾರಕ್ಕೆ 19 ಕಿಲೋ ಸಿಲಿಂಡರನ್ನೇ ಬಳಸಬೇಕು ಅನ್ನುವುದನ್ನೂ ಮರೆಯಬೇಡಿ.

ಹೊಸ ಒಲೆ ಬಂದ ಮೇಲೆ ಹಳೆಯದನ್ನು ಏನು ಮಾಡುತ್ತೀರಿ ಅನ್ನುವುದೂ ಮುಖ್ಯ. ಬರ್ನರ್ ಮಾತ್ರ ಹೋದ ಒಲೆಯಾದರೆ ಸರಿ ಮಾಡಿಸಿ ಯಾರಿಗಾದರೂ ಕೊಡಿ. ಅಡ್ಡ ಪೈಪ್ ಸೋರುವ, ಅಡಿ ಕಳಚಿದ ಒಲೆಯನ್ನು "ನಮಗೆ ಬೇಡ, ನೀವು ತಗೊಂಡು ಹೋಗಿ" ಅಂತ ತೋಟದ ಕೆಲಸಕ್ಕೆ ಬರುವವರ ಮನೆಗೆ ದಾಟಿಸಬೇಡಿ. ನಮ್ಮ ಮನೆಗೆ ಅಪಾಯ ಆದದ್ದು ಅವರ ಮನೆಗೂ ಅಪಾಯವೇ. ಹಿತ್ತಾಳೆ ಬರ್ನರ್, ವಾಲ್ವ್ ಬಿಚ್ಚಿ ಬೇರೆ ಇಡಿ, ಗುಜರಿಯಲ್ಲಿ ಅದಕ್ಕೆ ಬೇರೆ ರೇಟು ಸಿಗುತ್ತದೆ. ಉಳಿದ ತಗಡನ್ನು ಯಾರೂ ಮತ್ತೆ ಒಲೆಯಾಗಿ ಬಳಸದ ಹಾಗೆ ಅಡ್ಡ ಪೈಪ್ ಬಗ್ಗಿಸಿ ಗುಜರಿಗೆ ಹಾಕಿ.